ಹಿಮದ ನಗರದಲ್ಲಿ ಇಬ್ಬರು ಹುಡುಗಿಯರು

ಕಳೆದ ಮಳೆಗಾಲದ ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ, ಎಲ್ಲ ತಂದೆಯರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯನ್ನು ನಾನೂ ಮಗಳಿಗೆ ಕೇಳಿದೆ. ಇನ್ನು ಹತ್ತು ವರ್ಷಕ್ಕೆ ಏನಾಗಬೇಕೆಂದಿದ್ದೀಯೆ? ಪದವಿಯ ಎರಡನೆಯ ವರ್ಷದಲ್ಲಿರುವ ಅವಳು ತಟ್ಟೆಯಿಂದ ತಲೆ ಎತ್ತದೆಯೇ, "ಹತ್ತು ವರ್ಷ ಆದ್ಮೇಲೆ ಏನೇನು ಉಳಿದಿರತ್ತೆ ಅಂತ ನಿನಗೆ ಗೊತ್ತಾ ಅಪ್ಪ?" ಎಂದಳು. ನನಗೆ ಸಿಟ್ಟು ಬಂತು. ಓದು, ಅನುಕೂಲ, ತಲೆಯ ಮೇಲೊಂದು ಸೂರು ಎಲ್ಲವೂ ಇರುವ ಮಕ್ಕಳು ಭವಿಷ್ಯದ ಬಗ್ಗೆ ಹೀಗೆ ಕೈಚೆಲ್ಲಿ ಮಾತನಾಡುವುದು ಒಂದು ಬಗೆಯ ಶೋಕಿ ಎಂದು ಅಂದುಬಿಟ್ಟೆ. ಅವಳು ವಾದಿಸಲಿಲ್ಲ. ಎರಡು ದಿನ ಬಿಟ್ಟು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, "ಒಂದು ಕಂತು ನೋಡು, ಆಮೇಲೆ ಬೇಕಾದ್ರೆ ಇನ್ನೊಂದು ಸಲ ಬೈಯಿ" ಎಂದು ಹೇಳಿ ಒಳಗೆ ಹೋದಳು.

ಅದು ಜಪಾನಿನ ಒಂದು ಅನಿಮೆ ಸರಣಿ. ಮೂಲ ಹೆಸರು 'ಶೋಜೊ ಶೂಮಾತ್ಸು ರ್ಯೋಕೊ'. ಕನ್ನಡದಲ್ಲಿ 'ಹುಡುಗಿಯರ ಕೊನೆಯ ಪ್ರವಾಸ' ಎನ್ನಬಹುದು. ಜಪಾನಿನ ಕಾರ್ಟೂನ್‌ಗಳೊಂದಿಗೆ ನನ್ನ ಪರಿಚಯ ಬಹಳ ಕಡಿಮೆ. ಯುಗೊ ಸಾಕೊ ನಮ್ಮ ರಾಮಾಯಣವನ್ನು ಚಿತ್ರಿಸಿದ್ದನ್ನು ಹಿಂದೊಮ್ಮೆ ನೋಡಿದ್ದೆ. ಇಸಾವೊ ತಕಹಾತಾ 1988ರಲ್ಲಿ ಮಾಡಿದ, ಯುದ್ಧದಲ್ಲಿ ಅನಾಥರಾದ ಅಣ್ಣ-ತಂಗಿಯ ಚಿತ್ರವನ್ನು ನೋಡಿ ಎರಡು ದಿನ ಮನಸ್ಸು ಕೆಡಿಸಿಕೊಂಡಿದ್ದೆ. ಮಿಕ್ಕಂತೆ ಇವೆಲ್ಲ ಹುಡುಗರ ಲೋಕ ಎಂದೇ ದೂರವಿದ್ದವನು.

ತ್ಸುಕುಮಿಜು ಎಂಬ ಹೆಸರಿನಲ್ಲಿ ಬರೆಯುವ ಚಿತ್ರಕಥೆಗಾರರು 2014ರಿಂದ 2018ರವರೆಗೆ ಈ ಕಥೆಯನ್ನು ಬರೆದರು. ಅದು ಆರು ಸಂಪುಟಗಳಲ್ಲಿ ಶಿಂಚೋಶಾ ಪ್ರಕಾಶನದಿಂದ ಬಂದಿದೆ. ಮುಂದೆ 2019ರಲ್ಲಿ ಜಪಾನಿನ ವಿಜ್ಞಾನ ಸಾಹಿತ್ಯದ ಪ್ರತಿಷ್ಠಿತ ಸೇಯುನ್ ಪ್ರಶಸ್ತಿಯೂ ದೊರೆಯಿತು. ತಕಹರು ಓಜಾಕಿ ನಿರ್ದೇಶನದಲ್ಲಿ ವೈಟ್ ಫಾಕ್ಸ್ ಸಂಸ್ಥೆ ನಿರ್ಮಿಸಿದ ಹನ್ನೆರಡು ಕಂತುಗಳ ಸರಣಿ 2017ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪ್ರಸಾರವಾಯಿತು.

ಕಥೆ ಎನ್ನುವಂಥದ್ದು ಹೆಚ್ಚೇನೂ ಇಲ್ಲ. ಮಹಾಯುದ್ಧವೊಂದು ಎಂದೋ ಮುಗಿದಿದೆ. ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆದ ಒಂದು ಬೃಹತ್ ನಗರ ನಿರ್ಜನವಾಗಿ ಬಿದ್ದಿದೆ. ಎಲ್ಲೆಡೆ ಕಾಂಕ್ರೀಟು, ತುಕ್ಕು, ಹಿಮ. ಚಿತೊ ಮತ್ತು ಯೂರಿ ಎಂಬ ಇಬ್ಬರು ಹುಡುಗಿಯರು ಸೈನಿಕರ ಕೋಟು, ಉಕ್ಕಿನ ಶಿರಸ್ತ್ರಾಣ ಧರಿಸಿ, ಒಂದು ಹಳೆಯ ವಾಹನದಲ್ಲಿ ಅಂತಸ್ತಿನಿಂದ ಅಂತಸ್ತಿಗೆ ಮೇಲೇರುತ್ತ ಹೋಗುತ್ತಾರೆ. ಆಹಾರ ಮತ್ತು ಇಂಧನ ಹುಡುಕುವುದು, ಸಿಕ್ಕಿದ್ದನ್ನು ಹಂಚಿಕೊಳ್ಳುವುದು, ಮಲಗುವುದು, ಮತ್ತೆ ಹೊರಡುವುದು. ಚಿತೊ ವಾಹನ ಓಡಿಸುತ್ತಾಳೆ, ದಿನಚರಿ ಬರೆಯುತ್ತಾಳೆ, ಪುಸ್ತಕ ಕಂಡರೆ ಜೀವ ಬಿಡುತ್ತಾಳೆ. ಯೂರಿಗೆ ಓದು ಸರಿಯಾಗಿ ಬಾರದು. ಹಿಂದೆ ಕುಳಿತು ಬಂದೂಕು ಹಿಡಿದಿರುವುದು ಅವಳ ಕೆಲಸ, ಹಸಿವು ಅವಳ ಸ್ಥಾಯೀಭಾವ. ದುಂಡಗಿನ ಮುಖದ ಈ ಗೊಂಬೆಯಂಥ ಹುಡುಗಿಯರು ಆ ಭಯಾನಕ ಹಿನ್ನೆಲೆಗೆ ಹೊಂದುವುದೇ ಇಲ್ಲ ಎಂದು ಮೊದಲಿಗೆ ಅನಿಸಿತು. ಯೂರಿಯ ತಮಾಷೆಗಳಲ್ಲಿ ಕೆಲವು ಪುನರಾವರ್ತನೆಯೆಂದು ಈಗಲೂ ಅನಿಸುತ್ತದೆ.

ಮೊದಲ ಕಂತಿನಲ್ಲೇ ಒಂದು ದೃಶ್ಯವಿದೆ. ಟ್ಯಾಂಕುಗಳು, ಬಂದೂಕುಗಳು ರಾಶಿ ಬಿದ್ದಿರುವ ಬಯಲಿನಲ್ಲಿ ಅವರಿಗೆ ಸೈನಿಕರ ಒಣ ಆಹಾರದ ಪೊಟ್ಟಣ ಸಿಗುತ್ತದೆ. ಜನ ಯಾಕೆ ಯುದ್ಧ ಮಾಡಿದರು ಎಂದು ಯೂರಿ ಕೇಳುತ್ತಾಳೆ. ಇರುವುದು ಕಡಿಮೆಯಾಗಿ ಬೇಕೆನ್ನುವವರು ಹೆಚ್ಚಾದಾಗ ಹೀಗಾಗುತ್ತದೆ ಎಂದು ಪುಸ್ತಕ ಓದಿದ ಚಿತೊ ವಿವರಿಸುತ್ತಾಳೆ. ಪೊಟ್ಟಣದಲ್ಲಿರುವುದು ಐದು ತುಂಡು. ಇಬ್ಬರಿಗೆ ಸಮನಾಗಿ ಹಂಚಲು ಬರುವುದಿಲ್ಲ. ಕೊನೆಯ ತುಂಡು ಉಳಿದಾಗ ಯೂರಿ ಬಂದೂಕನ್ನು ಗೆಳತಿಯತ್ತ ತಿರುಗಿಸಿ, ತುಂಡನ್ನು ಬಾಯಿಗೆ ಹಾಕಿಕೊಂಡುಬಿಡುತ್ತಾಳೆ. ಅದು ಹುಡುಗಾಟವೇ. ಚಿತೊ ಅವಳ ಮೇಲೆ ಬಿದ್ದು ಗುದ್ದುತ್ತಾಳೆ, ಇಬ್ಬರೂ ಹಿಮದಲ್ಲಿ ಉರುಳಾಡುತ್ತಾರೆ. ಆದರೆ ಬಂದೂಕಿನ ನಳಿಗೆ ತಿರುಗಿದ ಆ ಕ್ಷಣದಲ್ಲಿ ನನ್ನ ಮೈ ಜುಮ್ಮೆಂದಿತು. ಎರಡನೆಯ ಕಂತನ್ನು ನಾನಾಗಿಯೇ ಹಾಕಿಕೊಂಡೆ.

ಅವರ ವಾಹನದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಅದು ಕೆಟೆನ್‌ಕ್ರಾಡ್. ಮುಂದೆ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಮತ್ತು ಒಂಟಿ ಚಕ್ರ, ಹಿಂದೆ ಟ್ಯಾಂಕಿಗಿರುವಂಥ ಸರಪಳಿ ಪಟ್ಟಿ. ಕಲ್ಪನೆಯದಲ್ಲ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿ ಸೈನ್ಯಕ್ಕಾಗಿ ಇಂಥ ಎಂಟು ಸಾವಿರಕ್ಕೂ ಹೆಚ್ಚು ವಾಹನಗಳನ್ನು ತಯಾರಿಸಿತ್ತು. ಎಂಜಿನ್ನು ಓಪೆಲ್ ಕಾರಿನದು, 36 ಅಶ್ವಶಕ್ತಿ. ಯುದ್ಧ ಮುಗಿದ ಮೇಲೂ ಕೆಲವು ವರ್ಷ ಅದರ ತಯಾರಿಕೆ ನಡೆಯಿತು. ಈ ಬಾರಿ ಹೊಲಗದ್ದೆ ಮತ್ತು ಕಾಡಿನ ಕೆಲಸಕ್ಕಾಗಿ. ಕೊಲ್ಲಲು ಹುಟ್ಟಿದ ಯಂತ್ರ ನೆಲ ಉಳುವುದಕ್ಕೂ ಒದಗಿತು. ಸರಣಿಯಲ್ಲಿ ಅದು ಹುಡುಗಿಯರಿಗೆ ಮನೆಯೂ ಹೌದು, ಅಡುಗೆಯ ಕಟ್ಟೆಯೂ ಹೌದು.

ಒಂದು ಕಂತಿನಲ್ಲಿ ಅದು ಕೆಟ್ಟು ನಿಲ್ಲುತ್ತದೆ. ಚಿತೊ ಎಲ್ಲ ಬಿಚ್ಚಿ ಹರಡಿಕೊಂಡು ತಲೆ ಕೆಡಿಸಿಕೊಂಡರೆ ಯೂರಿ ಅಂಗಾತ ಮಲಗಿ ಆಕಾಶ ನೋಡುತ್ತಿರುತ್ತಾಳೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯೊಂದನ್ನು ಹನ್ನೆರಡು ವರ್ಷ ಓಡಿಸಿದವನು ನಾನು. ರಸ್ತೆಯ ಬದಿಯಲ್ಲಿ ಪ್ಲಗ್ಗು ಬಿಚ್ಚಿ, ಕರಿ ಉಜ್ಜಿ, ಮತ್ತೆ ಕಿಕ್ ಹೊಡೆಯುವ ಆ ಅಸಹಾಯಕತೆಯನ್ನು ಇಷ್ಟು ಸರಿಯಾಗಿ ಚಿತ್ರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಬೈಕು ಊರಿನ ಮನೆಯ ಕೊಟ್ಟಿಗೆಯಲ್ಲಿ ಇಂದಿಗೂ ನಿಂತಿದೆ.

ದಾರಿಯಲ್ಲಿ ಅವರಿಗೆ ಇಬ್ಬರೇ ಇಬ್ಬರು ಮನುಷ್ಯರು ಎದುರಾಗುತ್ತಾರೆ. ಮೊದಲನೆಯವನು ಕನಜಾವಾ, ಆ ನಗರದ ನಕ್ಷೆ ಬರೆಯುವುದೇ ಅವನ ಜೀವನ. ಯಾರಿಗಾಗಿ ನಕ್ಷೆ? ಓದುವವರು ಯಾರು? ಅವನ ಬಳಿ ಉತ್ತರವಿಲ್ಲ. ಎತ್ತರದ ಲಿಫ್ಟ್ ಒಂದರಲ್ಲಿ ಹೋಗುವಾಗ ಚೀಲ ಜಾರಿ, ವರ್ಷಗಳ ದುಡಿಮೆಯ ಹಾಳೆಗಳೆಲ್ಲ ಗಾಳಿಗೆ ಹಾರಿಹೋಗುತ್ತವೆ. ಇನ್ನು ಬದುಕಿ ಏನು ಪ್ರಯೋಜನ ಎಂದು ಕುಸಿದವನು ಕೊನೆಗೆ ಮತ್ತೆ ನಕ್ಷೆ ಬರೆಯಲು ಹೊರಡುತ್ತಾನೆ. ಹೋಗುವ ಮುನ್ನ ತನ್ನ ಕ್ಯಾಮೆರಾವನ್ನು ಹುಡುಗಿಯರಿಗೆ ಕೊಡುತ್ತಾನೆ. ಎರಡನೆಯವಳು ಇಶಿಯಿ. ಹಳೆಯ ದಾಖಲೆಗಳನ್ನು ನೋಡಿ, ಒಬ್ಬಳೇ ವಿಮಾನ ಕಟ್ಟುತ್ತಿದ್ದಾಳೆ, ಆಚೆ ದಡದ ಇನ್ನೊಂದು ನಗರಕ್ಕೆ ಹಾರಲು. ವಿಮಾನ ಹಾರುತ್ತದೆ, ಸ್ವಲ್ಪ ದೂರದಲ್ಲೇ ರೆಕ್ಕೆ ಮುರಿಯುತ್ತದೆ. ಪ್ಯಾರಾಚೂಟಿನಲ್ಲಿ ನಗರದ ತಳಕ್ಕೆ ಇಳಿಯುತ್ತಿರುವ ಇಶಿಯಿಯ ಮುಖದಲ್ಲಿ ನಗು. ಸೋತವಳ ಮುಖದಲ್ಲಿ ಅಂಥ ಹಗುರವನ್ನು ಕಂಡು ನಾನು ಗಲಿಬಿಲಿಗೊಂಡೆ. ಸೋಲು ಅವಮಾನ ಎಂದೇ ಕಲಿತು, ಮಕ್ಕಳಿಗೂ ಅದನ್ನೇ ಕಲಿಸಿದ ತಲೆಮಾರು ನಮ್ಮದು.

ಐದನೆಯ ಕಂತಿನಲ್ಲಿ ಮಳೆ ಬರುತ್ತದೆ. ಪಾಳು ಸೂರಿನ ಕೆಳಗೆ ಕುಳಿತ ಹುಡುಗಿಯರು ಶಿರಸ್ತ್ರಾಣ, ಖಾಲಿ ಡಬ್ಬಿಗಳನ್ನು ಹನಿಗಳಿಗೆ ಒಡ್ಡುತ್ತಾರೆ. ಒಂದೊಂದರದು ಒಂದೊಂದು ನಾದ. ಹನಿಗಳು ಕೂಡಿಕೊಂಡು ಲಯವಾಗಿ, ಲಯ ಹಾಡಾಗುತ್ತದೆ. ಸಂಗೀತವೆಂಬುದನ್ನೇ ಕೇಳಿರದ ಮಕ್ಕಳು ಅದನ್ನು ಮೊದಲ ಬಾರಿ ಕಂಡುಹಿಡಿಯುವ ಗಳಿಗೆ ಅದು. ಮಲೆನಾಡಿನ ಹಂಚಿನ ಮನೆಯಲ್ಲಿ ಆಷಾಢದ ಸೋರುವಿಕೆಗೆ ಅಮ್ಮ ಇಡುತ್ತಿದ್ದ ಕೊಳದಪ್ಪಲೆ, ಚರಿಗೆ, ಸಿಲವಾರದ ಪಾತ್ರೆಗಳ ಸದ್ದು ನನಗೆ ಕೇಳಿಸಿತು. ನಾವದನ್ನು ಬಡತನದ ಸದ್ದು ಎಂದು ತಿಳಿದು ನಾಚುತ್ತಿದ್ದೆವು.

ಇಷ್ಟಾದರೂ ನನ್ನೊಳಗೆ ಒಂದು ಆಕ್ಷೇಪ ಉಳಿದೇ ಇತ್ತು. ನಿರಾಶೆಯನ್ನು ಇಷ್ಟು ಸುಂದರವಾಗಿ ತೋರಿಸುವುದು ಸರಿಯೇ? ಅಳಿವನ್ನು ಮುದ್ದಾದ ಹುಡುಗಿಯರ ಪ್ರವಾಸವನ್ನಾಗಿ ಮಾಡಿಬಿಟ್ಟರೆ, ಅದನ್ನು ತಡೆಯಬೇಕೆಂಬ ಛಲ ಎಳೆಯರಲ್ಲಿ ಹುಟ್ಟುವುದು ಹೇಗೆ? 1945ರ ಮಾರ್ಚಿನ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ಟೋಕಿಯೊದ ಸುಮಾರು ಒಂದು ಲಕ್ಷ ಜನ ಸುಟ್ಟುಹೋದರು. ಅದೇ ಆಗಸ್ಟಿನಲ್ಲಿ ಹಿರೋಷಿಮಾ, ನಾಗಸಾಕಿ. ಆ ನಾಡಿನ ಚಿತ್ರಗಳಲ್ಲಿ ಹಾಳುಬಿದ್ದ ನಗರ ಮತ್ತೆ ಮತ್ತೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹಿಂದಿನವರ ಚಿತ್ರಗಳಲ್ಲಿ ಅಳುವಿತ್ತು, ರೋಷವಿತ್ತು. ಇಲ್ಲಿ ಅದೂ ಇಲ್ಲ.

ಇದನ್ನು ಮಗಳಿಗೆ ಹೇಳಿದಾಗ ಅವಳು ಹನ್ನೊಂದನೆಯ ಕಂತನ್ನು ಇನ್ನೊಮ್ಮೆ ನೋಡು ಎಂದಳು. ಅದರಲ್ಲಿ ಹುಡುಗಿಯರಿಗೆ ದೈತ್ಯಾಕಾರದ ಯುದ್ಧಯಂತ್ರವೊಂದು ಸಿಗುತ್ತದೆ. ಯೂರಿ ಒಳಗೆ ಕುಳಿತು ಗುಂಡಿಗಳನ್ನು ಒತ್ತುತ್ತಾಳೆ. ದೂರದ ನಗರ ಹೊತ್ತಿ ಉರಿಯುತ್ತದೆ, ಅವಳು ನಗುತ್ತಾಳೆ. ಚಿತೊ ಹೊಡೆದಾಗಲೇ ಆ ನಗು ನಿಲ್ಲುವುದು. ಯೂರಿ ದುಷ್ಟಳಲ್ಲ. ತಪ್ಪಿ ಗೆಳತಿಯ ಪುಸ್ತಕವನ್ನು ಬೆಂಕಿಗೆ ಹಾಕಿದ್ದಕ್ಕೆ, ಬಾರದ ಬರವಣಿಗೆಯಲ್ಲಿ ಅಕ್ಷರ ತಪ್ಪಾಗಿ ಅವಳ ದಿನಚರಿಯಲ್ಲಿ ಕ್ಷಮೆ ಬರೆದಿಟ್ಟವಳು ಅವಳೇ. ಗುಂಡಿ ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಅಲ್ಲಿಂದ ನನ್ನ ಗಮನ ಹುಡುಗಿಯರನ್ನು ಬಿಟ್ಟು ಅವರ ಅಜ್ಜನ ಕಡೆಗೆ ಹೋಯಿತು. ಕಥೆಯಲ್ಲಿ ಆತ ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಇಬ್ಬರನ್ನೂ ಸಾಕಿದವನು, ಜಗಳ ತಮ್ಮ ಊರಿನವರೆಗೂ ಬಂದಾಗ ರಾತ್ರೋರಾತ್ರಿ ಕೆಟೆನ್‌ಕ್ರಾಡ್ ಕೊಟ್ಟು, ಮೇಲಕ್ಕೆ ಹೋಗಿ ಎಂದು ಕಳಿಸಿದವನು. ಪ್ರೀತಿಯಿಂದಲೇ ಕಳಿಸಿದ. ಆದರೆ ಏನಾಯಿತು, ಏಕಾಯಿತು ಎಂದು ಹೇಳಲು ಅವನಿಗೆ ಸಮಯವಿರಲಿಲ್ಲ, ಬಹುಶಃ ಧೈರ್ಯವೂ ಇರಲಿಲ್ಲ. ಹಿರಿಯರು ಬಿಟ್ಟುಹೋದ ಯಂತ್ರಗಳು, ಆಯುಧಗಳು, ಡಬ್ಬಿ ಆಹಾರ ಆ ಮಕ್ಕಳಿಗೆ ಸಿಕ್ಕವು. ಅವುಗಳ ಅರ್ಥ ಸಿಗಲಿಲ್ಲ. ಹನ್ನೆರಡು ಕಂತುಗಳ ಉದ್ದಕ್ಕೂ ಹುಡುಗಿಯರು ಒಮ್ಮೆಯಾದರೂ ಹಿರಿಯರನ್ನು ಶಪಿಸುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಶಪಿಸಿದ್ದರೆ ನನಗೆ ವಾದ ಹೂಡಲು ಅನುಕೂಲವಾಗುತ್ತಿತ್ತು. ನಾವೇನು ಬೇಕೆಂದು ಮಾಡಿದೆವೇ ಎಂದು ಕೇಳಬಹುದಿತ್ತು. ಅವರು ಶಪಿಸುವುದಿಲ್ಲ. ಅಂದು ಊಟದ ಹೊತ್ತಿನಲ್ಲಿ ಮಗಳು ಕೂಡ ನನ್ನನ್ನು ದೂರಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದಳು. ಶೋಕಿ ಎಂದು ಬಾಯಿ ಮುಚ್ಚಿಸಿದವನು ನಾನು.

ಕೊನೆಯ ಕಂತಿನಲ್ಲಿ ಅವರು ಹಳೆಯದೊಂದು ಅಣುಶಕ್ತಿ ಜಲಾಂತರ್ಗಾಮಿಯೊಳಗೆ ಹೋಗುತ್ತಾರೆ. ಕನಜಾವಾ ಕೊಟ್ಟ ಕ್ಯಾಮೆರಾ ಅಲ್ಲಿನ ಪರದೆಗಳೊಂದಿಗೆ ತಾನಾಗಿಯೇ ಜೋಡಿಕೊಳ್ಳುತ್ತದೆ. ಅವರು ತೆಗೆದ ಚಿತ್ರಗಳ ಜೊತೆಗೆ, ಆ ಕ್ಯಾಮೆರಾ ಹಿಂದೆ ಯಾರ್‍ಯಾರ ಕೈಯಲ್ಲಿತ್ತೋ ಅವರ ಚಿತ್ರಗಳೂ ತೆರೆದುಕೊಳ್ಳುತ್ತವೆ. ಶಾಲೆಯ ಹುಡುಗಿಯರು, ಆಗ ತಾನೇ ಹುಟ್ಟಿದ ಕೂಸು, ಯುದ್ಧದ ಸುದ್ದಿ. ಜಗತ್ತು ತುಂಬಿಕೊಂಡಿದ್ದ ಕಾಲವನ್ನು ಇಬ್ಬರೂ ಕತ್ತಲಲ್ಲಿ ಕುಳಿತು ನೋಡುತ್ತಾರೆ. ತಮಗೆ ತಿಳಿದ ಮಟ್ಟಿಗೆ ಬದುಕುಳಿದ ಮನುಷ್ಯರು ನೀವಿಬ್ಬರೇ ಎಂದು ಅಲ್ಲಿಗೆ ಬಂದ ವಿಚಿತ್ರ ಜೀವಿಗಳು ತಿಳಿಸುತ್ತವೆ. ಆ ಮೇಲೂ ಅವರ ಪಯಣ ನಿಲ್ಲುವುದಿಲ್ಲ.

ಮೂಲ ಚಿತ್ರಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ಕೆಟೆನ್‌ಕ್ರಾಡ್ ಸರಿಪಡಿಸಲಾಗದಂತೆ ಕೆಡುತ್ತದೆ. ಅದನ್ನೇ ತೊಟ್ಟಿ ಮಾಡಿಕೊಂಡು, ಬಿಸಿನೀರು ತುಂಬಿ ಇಬ್ಬರೂ ಸ್ನಾನ ಮಾಡುತ್ತಾರೆ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಜಾಗ ಅದು. ಆ ಮೇಲೆ ನಡಿಗೆ. ಚಳಿ ಕಾಯಿಸಲು ಚಿತೊ ತನ್ನ ಪುಸ್ತಕಗಳನ್ನೂ ಸುಡಬೇಕಾಗುತ್ತದೆ. ಅಂತ್ಯವನ್ನು ಹೇಳುವುದಿಲ್ಲ; ಹೇಳಿದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ.

ಹತ್ತು ವರ್ಷದ ಪ್ರಶ್ನೆಯನ್ನು ನಾನು ಮತ್ತೆ ಕೇಳಿಲ್ಲ. ಮೊನ್ನೆ ಅವಳೇ ಕೇಳಿದಳು, "ಅಪ್ಪ, ಊರಲ್ಲಿರೋ ಆ ಬೈಕ್ ಸ್ಟಾರ್ಟ್ ಆಗತ್ತಾ?" ಆಗಬಹುದು ಎಂದೆ. ಟ್ಯಾಂಕು ತುಕ್ಕು ಹಿಡಿದಿರುತ್ತದೆ, ಕೇಬಲ್ಲುಗಳನ್ನು ಇಲಿ ಕಡಿದಿರುತ್ತದೆ. ಅದನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ತೀರಿಕೊಂಡು ನಾಲ್ಕು ವರ್ಷವಾಯಿತು. ದೀಪಾವಳಿ ರಜೆಗೆ ಹೋದಾಗ ಇಬ್ಬರೂ ಸೇರಿ ಬಿಚ್ಚಿ ನೋಡುವುದೆಂದು ಮಾತಾಗಿದೆ. ಹೇಗೆ ಬಿಚ್ಚುವುದೆಂದು ತನಗೆ ಹೇಳಿಕೊಡಬೇಕು, ತಾನೇ ಮಾಡುತ್ತೇನೆ ಎಂಬುದು ಅವಳ ಷರತ್ತು. ಕಾರ್ಬ್ಯುರೇಟರ್ ಬಿಚ್ಚುವ ಕ್ರಮವೇನೋ ನೆನಪಿದೆ. ತಿರುಗಿ ಜೋಡಿಸುವುದು ಎಷ್ಟು ನೆನಪಿದೆಯೆಂಬುದು ಕೊಟ್ಟಿಗೆಯಲ್ಲಿ ಕುಳಿತ ಮೇಲೆಯೇ ತಿಳಿಯಬೇಕು.