ಹಿಮದ ಮೇಲೆ ಲಾಗ

ಬೇಸಗೆಯಲ್ಲಿ ಖಟಕ ಚಿಂಚೋಳಿಯ ಕಡೆಯ ಹುಡುಗರು ತೋಟದ ಬಾವಿಯಲ್ಲಿ ಈಜುವುದನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ದಂಡೆಯಿಂದ ಜಿಗಿದ ಹುಡುಗನು ಮೊಣಕಾಲುಗಳನ್ನು ಎದೆಗೆ ಅಪ್ಪಿಕೊಂಡೊಡನೆ ಅವನ ದೇಹವು ಸರಕ್ಕನೆ ಲಾಗ ಹಾಕುತ್ತದೆ. ಮೈಯನ್ನು ಚಾಚಿದೊಡನೆ ಆ ಸುತ್ತು ನಿಧಾನವಾಗುತ್ತದೆ. ಹಿಮವನ್ನೇ ಕಾಣದ ಬೀದರ ಜಿಲ್ಲೆಯ ಈ ಆಟಕ್ಕೂ, ಶೀತದೇಶಗಳ ಸಾಹಸಕ್ರೀಡೆಯಾದ ಏರಿಯಲ್ ಸ್ಕೀಯಿಂಗಿಗೂ ಆಧಾರವಾದ ನಿಯಮವು ಒಂದೇ ಎಂದರೆ ಸೋಜಿಗವೆನಿಸಬಹುದು.

ಸ್ಕೀ ಎಂಬುದು ಹಿಮದ ಮೇಲೆ ಜಾರಲು ಬೂಟುಗಳಿಗೆ ಬಿಗಿದುಕೊಳ್ಳುವ ನೀಳವಾದ ಪಟ್ಟಿ. ಜೋಡಿ ಸ್ಕೀಗಳನ್ನು ತೊಟ್ಟ ಆಟಗಾರನು ಇಳಿಜಾರಿನಲ್ಲಿ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಿಂದ ಜಾರಿ ಬರುತ್ತಾನೆ. ಎದುರಿಗೆ ಹಿಮವನ್ನು ಒಟ್ಟಿ ಕಟ್ಟಿದ, ಸುಮಾರು 4 ಮೀಟರ್ ಎತ್ತರದ ದಿಬ್ಬವಿರುತ್ತದೆ. ಮೂರು ಲಾಗಗಳ ಜಿಗಿತಕ್ಕೆಂದು ಕಟ್ಟಿದ ದಿಬ್ಬದ ತುದಿಯು 70 ಡಿಗ್ರಿಗಳಷ್ಟು ಕಡಿದಾಗಿದ್ದು, ಆತನನ್ನು ಬಹುಮಟ್ಟಿಗೆ ನೇರವಾಗಿ ಮೇಲಕ್ಕೆ ಚಿಮ್ಮಿಸುತ್ತದೆ. ಮುಂದಿನ ಸುಮಾರು 3 ಸೆಕೆಂಡುಗಳಲ್ಲಿ ಆತನು ಮೂರು ಲಾಗಗಳನ್ನು ಹಾಕಿ, ಅವುಗಳ ನಡುವೆಯೇ ನಾಲ್ಕೈದು ಬಾರಿ ಬುಗುರಿಯಂತೆ ತಿರುಗಿ, ಹಿಮದ ಮೇಲೆ ಕಾಲೂರಬೇಕು. ನಾರ್ವೆಯ ಸ್ಟೈನ್ ಎರಿಕ್ಸನ್ನರು 1950ರ ದಶಕದಲ್ಲಿಯೇ ಸ್ಕೀ ತೊಟ್ಟು ಲಾಗ ಹಾಕಿ ಪ್ರೇಕ್ಷಕರನ್ನು ಬೆರಗುಗೊಳಿಸಿದ್ದರು. 1988ರ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಕೇವಲ ಪ್ರದರ್ಶನಕ್ಕಿದ್ದ ಈ ಕ್ರೀಡೆಯು 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರಿನಲ್ಲಿ ಪದಕದ ಸ್ಪರ್ಧೆಯಾಯಿತು.

ನೆಲವನ್ನು ಬಿಟ್ಟ ದೇಹಕ್ಕೆ ಒತ್ತಿ ತಿರುಗಲು ಯಾವ ಆಸರೆಯೂ ಇಲ್ಲ. ಗುರುತ್ವಾಕರ್ಷಣವು ಅದನ್ನು ಕೆಳಕ್ಕೆ ಸೆಳೆಯಬಲ್ಲುದೇ ಹೊರತು ತಿರುಗಿಸಲಾರದು. ಆದುದರಿಂದ ದಿಬ್ಬದ ತುದಿಯಲ್ಲಿ ಪಡೆದ ಕೋನೀಯ ಸಂವೇಗವು ಕಾಲೂರುವವರೆಗೂ ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆ. ದೇಹದ ರಾಶಿಯು ತಿರುಗುವ ಅಕ್ಷದಿಂದ ಎಷ್ಟು ದೂರ ಹರಡಿದೆ, ಎಷ್ಟು ಬೇಗ ಸುತ್ತುತ್ತಿದೆ ಎಂಬ ಎರಡನ್ನೂ ಕೂಡಿಸಿ ಅಳೆಯುವ ಪರಿಮಾಣವೇ ಇದು. ಹರವು ಕಡಿಮೆಯಾದರೆ ವೇಗ ಹೆಚ್ಚಬೇಕು. ಹರವು ಹೆಚ್ಚಿದರೆ ವೇಗ ಕುಗ್ಗಬೇಕು. ಬಾವಿಯ ಹುಡುಗನು ಅರಿಯದೆಯೇ ಮಾಡುವುದು ಇದನ್ನೇ.

ಹಾಗಾದರೆ ಲಾಗ ಹಾಕುತ್ತಿರುವವನು ನಡುವೆ ಬುಗುರಿಯಂತೆ ತಿರುಗುವುದು ಹೇಗೆ? ಆತನು ಚಾಚಿದ ಕೈಗಳಲ್ಲಿ ಒಂದನ್ನು ಮೇಲಕ್ಕೆತ್ತಿ, ಇನ್ನೊಂದನ್ನು ಕೆಳಗಿಳಿಸುತ್ತಾನೆ. ಕೈಗಳು ಒಂದು ದಿಕ್ಕಿಗೆ ಹೊರಳಿದರೆ ಮುಂಡವು ಎದುರು ದಿಕ್ಕಿಗೆ ತುಸು ವಾಲುತ್ತದೆ. ದೇಹವು ಹೀಗೆ ವಾಲಿದೊಡನೆ ಲಾಗದ ಸಂವೇಗದ ಒಂದು ಪಾಲು ತಲೆಯಿಂದ ಕಾಲಿನವರೆಗಿನ ಅಕ್ಷದ ಸುತ್ತ ಹಂಚಿಹೋಗುವುದು. ಆ ಅಕ್ಷದ ಸುತ್ತ ದೇಹದ ಹರವು ಬಹಳ ಕಡಿಮೆಯಾದುದರಿಂದ ಸಣ್ಣ ಪಾಲೂ ರಭಸದ ತಿರುಪನ್ನು ಉಂಟುಮಾಡುತ್ತದೆ. ಕೈಗಳನ್ನು ಮೊದಲಿನಂತಿರಿಸಿ ವಾಲನ್ನು ಸರಿಪಡಿಸಿದರೆ ತಿರುಪು ನಿಲ್ಲುವುದು. ಆತನು ಇದ್ದುದನ್ನು ಹಂಚಿಕೊಂಡನೇ ಹೊರತು ಹೊಸತನ್ನೇನೂ ಗಳಿಸಲಿಲ್ಲ.

ಇನ್ನು ಕಾಲೂರುವ ಗಳಿಗೆ. ಇಳಿಯುವಾಗ ಆತನು ಸೆಕೆಂಡಿಗೆ 16 ಮೀಟರ್ ಕೆಳಕ್ಕೂ, 5 ಮೀಟರ್ ಮುಂದಕ್ಕೂ ಸಾಗುತ್ತಿದ್ದಾನೆಂದು ಭಾವಿಸೋಣ. ನೆಲವು ಸಮತಟ್ಟಾಗಿದ್ದರೆ ಇದು 13 ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ, ಕಾಲುಗಳು ಉಳಿಯಲಾರವು. ಆದರೆ ಇಳಿಯುವ ಹಿಮವು ಸುಮಾರು 37 ಡಿಗ್ರಿಗಳಷ್ಟು ಓರೆಯಾಗಿರುತ್ತದೆ. ಪೆಟ್ಟು ಕೊಡುವುದು ಈ ಓರೆಗೆ ಲಂಬವಾದ ವೇಗ ಮಾತ್ರ. ತ್ರಿಕೋನಮಿತಿಯನ್ನು ಬಲ್ಲ ವಿದ್ಯಾರ್ಥಿಗಳು ಗಣಿಸಿ ನೋಡಲಿ: ಅದು ಸೆಕೆಂಡಿಗೆ ಸುಮಾರು 9.8 ಮೀಟರ್. ಅಂದರೆ 5 ಮೀಟರಿಗೂ ತುಸು ಕಡಿಮೆ ಎತ್ತರದಿಂದ ಬಿದ್ದಷ್ಟು ಪೆಟ್ಟು! ಉಳಿದ ವೇಗವು ಇಳಿಜಾರಿನ ಗುಂಟ ಜಾರಿಹೋಗುತ್ತದೆ. ಕಡಿದು ಸಡಿಲಗೊಳಿಸಿದ ಹಿಮವು ಈ ಪೆಟ್ಟನ್ನೂ ಮೆದುವಾಗಿಸುತ್ತದೆ.

ಆದರೂ ಅಪಾಯವು ತಪ್ಪಿದ್ದಲ್ಲ. ಆದುದರಿಂದಲೇ ಹೊಸ ಜಿಗಿತವನ್ನು ಮೊದಲು ಕಲಿಯುವುದು ನೀರಿನ ಮೇಲೆ. ನೀರು ಚಿಮುಕಿಸಿದ ಪ್ಲಾಸ್ಟಿಕ್ ಇಳಿಜಾರಿನಿಂದ ಜಾರಿ, ತಳದಿಂದ ಗಾಳಿಯ ಗುಳ್ಳೆಗಳನ್ನೆಬ್ಬಿಸಿ ಮೆದುಗೊಳಿಸಿದ ಕೊಳಕ್ಕೆ ಹಾರುವರು. ಜಿಮ್ನಾಸ್ಟಿಕ್ಸಿನಿಂದ ಬಂದ ಆಸ್ಟ್ರೇಲಿಯದ ಅಲಿಸಾ ಕ್ಯಾಂಪ್ಲಿನ್ನರು ಹದಿಹರೆಯದ ಕೊನೆಯಲ್ಲಿ ಸ್ಕೀಯಿಂಗ್ ಕಲಿತು, ಮೆಲ್ಬರ್ನ್ ಸಮೀಪದ ಕೆಸರುಗೊಳವೊಂದರಲ್ಲಿ ಅಭ್ಯಾಸ ಮಾಡಿ, 2002ರಲ್ಲಿ ಒಲಿಂಪಿಕ್ ಚಿನ್ನವನ್ನು ಗೆದ್ದರು. ಅದಕ್ಕೂ ಮೊದಲು, 1994ರಲ್ಲಿ, ತಾಷ್ಕೆಂಟಿನ ಲಿನಾ ಚೆರ್ಯಾಜೋವಾ ಈ ಸ್ಪರ್ಧೆಯ ಮಹಿಳಾ ವಿಭಾಗದ ಮೊದಲ ಒಲಿಂಪಿಕ್ ಚಿನ್ನವನ್ನು ಗೆದ್ದಿದ್ದರು. ಸ್ವತಂತ್ರ ಉಜ್ಬೇಕಿಸ್ತಾನಕ್ಕೆ ಅದು ಚಳಿಗಾಲದ ಒಲಿಂಪಿಕ್ಸಿನ ಪ್ರಥಮ ಪದಕ. ಕೆಲವೇ ತಿಂಗಳುಗಳಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್ಡಿನಲ್ಲಿ ಅಭ್ಯಾಸನಿರತರಾಗಿದ್ದಾಗ, ಅವರ ತಲೆಗೆ ತೀವ್ರವಾದ ಪೆಟ್ಟಾಗಿ ಪ್ರಜ್ಞೆ ತಪ್ಪಿತು. ಚೇತರಿಸಿಕೊಂಡು 1998ರ ನಾಗಾನೊ ಒಲಿಂಪಿಕ್ಸಿಗೆ ಬಂದರೂ ಹಿಂದಿನ ಎತ್ತರವನ್ನು ಮುಟ್ಟಲಾಗಲಿಲ್ಲ. 2019ರಲ್ಲಿ ಅವರು ತೀರಿಕೊಂಡರು.

ನೆಲವನ್ನು ಬಿಟ್ಟ ಮೇಲೆ ಇರುವ ಸಂವೇಗವನ್ನು ಹಂಚಿಕೊಳ್ಳಬಹುದು. ಹೊಸತಾಗಿ ಪಡೆಯಲಾಗದು, ಹಿಂದಕ್ಕೆ ಬರಲೂ ಆಗದು. ಬೀಳುವ ಜಾಗದ ಸಿದ್ಧತೆಯೂ ಜಿಗಿಯುವ ಮುನ್ನವೇ ಆಗಿರಬೇಕು. ಬಾವಿಯ ದಂಡೆಯ ಮೇಲೆ ನಿಂತ ನಮ್ಮ ಹುಡುಗನಿಗೂ ಇದೇ ನಿಯಮ: ಬೇಸಗೆಯಲ್ಲಿ ನೀರು ಎಷ್ಟು ಇಳಿದಿದೆಯೆಂಬುದನ್ನು ಆತನು ಅಳೆಯಬೇಕಾದುದು ಕಾಲು ಕಲ್ಲಿನ ಮೇಲಿರುವಾಗಲೇ.