ಕಟಕಟ ಸದ್ದೂ ತೊಟ್ಟು ನೀರೂ

ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿ ಜೇವರ್ಗಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಉಷ್ಣಮಾನವು 40 ಡಿಗ್ರಿಯನ್ನು ಮೀರಿದ ಮೇ ತಿಂಗಳ ಮಧ್ಯಾಹ್ನ, ಹಿಂದೊಬ್ಬನನ್ನೂ ನಡುವೆ ತೊಗರಿಯ ಚೀಲವನ್ನೂ ಹೊತ್ತ ಹಳೆಯ ಮೋಟಾರ್ ಸೈಕಲ್ಲೊಂದು ಮೇಲಿನ ಗೇರಿನಲ್ಲಿಯೇ ಏರನ್ನು ಹತ್ತಲೆಳಸಿದರೆ, ಅದರ ಎಂಜಿನ್ನಿನೊಳಗಿಂದ ಸಣ್ಣ ಸುತ್ತಿಗೆಯಿಂದ ಲೋಹವನ್ನು ಬಡಿದಂತಹ ಸದ್ದು ಕೇಳಿಬರುವುದುಂಟು. ಮೆಕ್ಯಾನಿಕನು ಇದಕ್ಕೆ ‘ನಾಕಿಂಗ್’ ಎಂದು ಹೆಸರಿಟ್ಟು, “ಟೈಮಿಂಗ್ ಸ್ವಲ್ಪ ಹಿಂದಕ್ಕ ತಗೀಬೇಕ್ರಿ” ಎನ್ನುತ್ತಾನೆ. ಶಾಸ್ತ್ರದ ಅರ್ಧಭಾಗವು ಆ ಒಂದು ಮಾತಿನಲ್ಲಿಯೇ ಅಡಗಿದೆ.

ಅಫಜಲಪುರದ ರೈತನು ಕಬ್ಬು ಕಡಿದ ಹೊಲದ ರವದಿಗೆ ಒಂದಂಚಿನಲ್ಲಿ ಕಿಚ್ಚಿಟ್ಟರೆ (ಸುಡದೆ ಮಣ್ಣಿಗೆ ಹೊದಿಸುವುದೇ ಲೇಸೆಂಬುದು ಬೇರೆ ಮಾತು) ಉರಿಯು ಕ್ರಮವಾಗಿ ಮುಂದುವರಿದು ಮತ್ತೊಂದಂಚನ್ನು ಸೇರುತ್ತದೆ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿಯೂ ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆ ಹೀಗೆಯೇ ಹರಡಬೇಕು. ಆದರೆ ಹರಡುತ್ತಿರುವ ಜ್ವಾಲೆಯು ತನ್ನ ಮುಂದಿರುವ ಅನಿಲಮಿಶ್ರಣವನ್ನು ಒತ್ತುತ್ತ ಕಾಯಿಸುತ್ತ ಹೋಗುವುದರಿಂದ, ಮೊದಲೇ ಕಾದ ಗಾಳಿಯನ್ನು ಸೇವಿಸಿದ ಎಂಜಿನ್ನಿನಲ್ಲಿ, ದೂರದ ಮೂಲೆಯ ಮಿಶ್ರಣವು ಜ್ವಾಲೆ ತಲಪುವ ಮುನ್ನವೇ ತಾನೇತಾನಾಗಿ ಒಮ್ಮೆಲೇ ಸ್ಫೋಟಿಸಿಬಿಡುತ್ತದೆ. ಆಗ ಎದ್ದ ಒತ್ತಡದ ಅಲೆಗಳು ಗೋಡೆಗಪ್ಪಳಿಸುವುದೇ ಆ ಕಟಕಟ. ದೀರ್ಘಕಾಲ ಉಪೇಕ್ಷಿಸಿದರೆ ಪಿಸ್ಟನ್ನಿನ ತಲೆಯೇ ತೂತುಬೀಳಬಹುದು.

ಮೆಕ್ಯಾನಿಕನು ಹೇಳಿದ ‘ಟೈಮಿಂಗ್’ ಎಂದರೆ ಕಿಡಿ ಹಾರುವ ವೇಳೆ. ಉರಿ ಮುಗಿಯಲು ಕೆಲವು ಮಿಲಿಸೆಕೆಂಡು ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕು 18 ಡಿಗ್ರಿ ಸರಿದಿರುತ್ತದೆ. ಆದುದರಿಂದ ಪಿಸ್ಟನ್ ತುದಿಯನ್ನು ಮುಟ್ಟುವ ಮುನ್ನವೇ ಕಿಡಿ ಹಾರಬೇಕು. ಈ ಮುಂಗಡವನ್ನು ಕೆಲವು ಡಿಗ್ರಿ ಕಡಿಮೆ ಮಾಡಿದರೆ ಒತ್ತಡದ ಶಿಖರವು ಪಿಸ್ಟನ್ ಕೆಳಗಿಳಿಯುತ್ತಿರುವ ವೇಳೆಗೆ ಬಂದು ಮೂಲೆಯ ಅನಿಲವು ಬದುಕಿಕೊಳ್ಳುತ್ತದೆ. ಹಳೆಯ ಕಾರುಗಳಲ್ಲಿ ಡೆಲ್ಕೊವನ್ನು, ಎಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು, ತುಸು ತಿರುಗಿಸಿ, ಕಿವಿಯನ್ನೇ ನಂಬಿ ಇದನ್ನು ಸಾಧಿಸುತ್ತಿದ್ದರು. ಈಗ ಕಂಪನವನ್ನು ಗ್ರಹಿಸುವ ಸ್ಫಟಿಕದ ಸೆನ್ಸರ್ ಆ ಕಿವಿಯಾಗಿದೆ. ಆದರೆ ಮೌನಕ್ಕೆ ಬೆಲೆಯುಂಟು: ಬಲವು ಕುಂದುತ್ತದೆ, ಶಾಖವು ಸೈಲೆನ್ಸರಿನ ದಾರಿ ಹಿಡಿಯುತ್ತದೆ.

ಕಾಲವನ್ನು ತಿದ್ದದೆ ಶಾಖವನ್ನೇ ಕದಿಯುವುದು ಎರಡನೆಯ ಉಪಾಯ. ಮಣ್ಣಿನ ಹರವಿಯು ನೀರನ್ನು ತಣ್ಣಗಿರಿಸುವ ಗುಟ್ಟೇ ಇಲ್ಲಿಯೂ ಕೆಲಸಮಾಡುತ್ತದೆ. ಒಂದು ಗ್ರಾಮ್ ನೀರು ಆವಿಯಾಗುವಾಗ ಸುಮಾರು 540 ಕ್ಯಾಲರಿ ಶಾಖವನ್ನು ಹೀರುತ್ತದೆ. ಪೆಟ್ರೋಲಿನ ಹೀರಿಕೆ ನೂರನ್ನೂ ಮುಟ್ಟದು. ಕಳೆದ ಶತಮಾನದ ಆರಂಭದಲ್ಲಿ ಸೀಮೆಎಣ್ಣೆಯಿಂದ ನಡೆಯುತ್ತಿದ್ದ ಅಮೆರಿಕದ ಟ್ರ್ಯಾಕ್ಟರುಗಳು ಈ ನಿಮಿತ್ತವಾಗಿಯೇ ಎಂಜಿನ್ನಿಗೆ ನೀರು ಕುಡಿಸುತ್ತಿದ್ದವು. ಎರಡನೆಯ ಮಹಾಯುದ್ಧದ ಪಿ-47 ವಿಮಾನದ ಎಂಜಿನ್ನು ನೀರಿನ ಸಿಂಚನದಿಂದ 2000 ಅಶ್ವಶಕ್ತಿಯಿಂದ 2300ಕ್ಕೆ ಏರಿತು; ನೀರೇ ಶಕ್ತಿಯನ್ನು ಕೊಟ್ಟಿತೆಂದಲ್ಲ, ಕಟಕಟವಿಲ್ಲದೆ ಹೆಚ್ಚು ಗಾಳಿಯನ್ನು ತುಂಬಲು ಅವಕಾಶವಿತ್ತಿತು. 2015ರಲ್ಲಿ ಬಿಎಂಡಬ್ಲ್ಯು ಸಂಸ್ಥೆಯು ತನ್ನ ಎಂ4 ಜಿಟಿಎಸ್ ಕಾರಿನಲ್ಲಿ ಇದೇ ಹಳೆಯ ಯುಕ್ತಿಯನ್ನು ಮತ್ತೆ ಹೂಡಿತು. ಬಳಸತಕ್ಕುದು ಭಟ್ಟಿಯಿಳಿಸಿದ ಶುದ್ಧಜಲ. ನಮ್ಮ ಬೋರಿನ ಗಡಸುನೀರನ್ನು ಸಿಂಪಡಿಸಿದರೆ ನಳಿಕೆಯಲ್ಲಿ ಸುಣ್ಣ ಕಟ್ಟುವುದು ನಿಶ್ಚಯ.

ಈ ಸೀಮೆಗೆ ಇನ್ನೂ ಹತ್ತಿರದ ಮದ್ದು ಕಬ್ಬಿನಲ್ಲಿಯೇ ಇದೆ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ರಸ, ಕಾಕಂಬಿಗಳಿಂದ ಇಳಿಸುವ ಎಥೆನಾಲ್ ಆವಿಯಾಗುವಾಗ ಗ್ರಾಮಿಗೆ ಸುಮಾರು 200 ಕ್ಯಾಲರಿ ಹೀರುವುದಲ್ಲದೆ, ತಾನೇತಾನಾಗಿ ಹೊತ್ತಿಕೊಳ್ಳಲು ಸುಲಭವಾಗಿ ಒಪ್ಪದು. ಇಂದಿನ ಪೆಟ್ರೋಲಿನಲ್ಲಿ ಅದು ನೂರಕ್ಕೆ ಇಪ್ಪತ್ತರಷ್ಟು ಬೆರೆತಿದೆ. ಸೆನ್ಸರುಳ್ಳ ಎಂಜಿನ್ನು ಈ ಲಾಭವನ್ನು ಅರಿತು ಕಿಡಿಯನ್ನು ಮುಂದಕ್ಕೆಳೆದುಕೊಳ್ಳುತ್ತದೆ. ಟೈಮಿಂಗ್ ಅಚಲವಾಗಿರುವ ಹಳೆಯ ಗಾಡಿಗೆ ದೊರೆಯುವುದು ಮೌನ ಮಾತ್ರ, ಜತೆಗೆ ತುಸು ತಗ್ಗಿದ ಮೈಲೇಜು.

ತೊಗರಿಯ ಚೀಲ ಹೊತ್ತ ಆ ಸವಾರನಿಗಾದರೋ ಕಾಸು ಖರ್ಚಿಲ್ಲದ ಉಪಾಯವೊಂದಿತ್ತು: ಏರಿನ ಬುಡದಲ್ಲಿಯೇ ಗೇರನ್ನು ಇಳಿಸಿದ್ದರೆ, ಎಂಜಿನ್ನು ವೇಗವಾಗಿ ತಿರುಗಿ, ಪ್ರತಿ ಹೊಡೆತದ ಭಾರವೂ ಕಡಿಮೆಯಾಗಿ, ಮೂಲೆಯ ಅನಿಲಕ್ಕೆ ಸಿಡಿಯುವಷ್ಟು ಪುರುಸೊತ್ತೇ ಸಿಗುತ್ತಿರಲಿಲ್ಲ.