ಸರ್ಕಾರಿ ಜಾಲತಾಣವೂ ದೃಷ್ಟಿಹೀನರೂ

ದೇವರಮನೆಯ ಕಾಫಿ ಬೆಳೆಗಾರನು ಇಂದು ‘ಭೂಮಿ’ ಜಾಲತಾಣದ ಮೂಲಕ ತನ್ನ ಪಹಣಿಯನ್ನು ಮನೆಯಲ್ಲಿಯೇ ನೋಡಬಲ್ಲನು. ಆತನು ದೃಷ್ಟಿಹೀನನಾಗಿದ್ದರೆ? ಅಂಥವರ ಗಣಕಯಂತ್ರದಲ್ಲಿ ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎಯಂತಹ ತಂತ್ರಾಂಶವಿರುತ್ತದೆ. ಅದು ಓದುವುದು ಅಕ್ಷರದ ಆಕಾರವನ್ನಲ್ಲ, ಅದರ ಹಿಂದಿನ ಸಂಕೇತವನ್ನು. ಯೂನಿಕೋಡಿನ ‘ಕ’ ಅದಕ್ಕೂ ‘ಕ’ವೇ. ಯೂನಿಕೋಡ್‌ಪೂರ್ವದ ನುಡಿ ಅಕ್ಷರಶೈಲಿಯ ಬರಹವಾದರೋ ನಮ್ಮ ಕಣ್ಣಿಗೆ ಕನ್ನಡ, ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಸಹಿ, ಮುದ್ರೆಗಳೊಡನೆ ಚಿತ್ರವಾಗಿ ಏರಿಸಿದ ಸುತ್ತೋಲೆಯಂತೂ ಪೂರ್ಣ ಮೂಕ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಇಂತಹ ಅಡ್ಡಿಗಳ ನಿವಾರಣೆಯನ್ನು ವಿಧಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ಜೀವಿಸುವ ಹಕ್ಕಿನ ಅಂಗವೆಂದೇ ಸಾರಿತು. ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಕಚೇರಿಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಸುತ್ತೋಲೆಯನ್ನು ಪ್ರಕಟಿಸುವ ಮುನ್ನ, ಪರದೆಯನ್ನು ನೋಡದೆ, ಒಮ್ಮೆ ಅದರಿಂದ ಓದಿಸಿ ಕೇಳಬಹುದು.